ತಿಂಗಳಿನ ಸಂಸಾರ, ಫಸಲಿನ ಸಂಸಾರ

ಸರ್ಕಾರದ ಆಯವ್ಯಯ ಪತ್ರ ಮಂಡನೆಯಾಗುವ ದಿನ ನಾವೆಲ್ಲರೂ ರೇಡಿಯೊದ ಸುದ್ದಿಗೆ ಕಿವಿಗೊಟ್ಟು ಕೂರುವುದುಂಟು. ಯಾವ ಇಲಾಖೆಗೆ ಎಷ್ಟು ಕೋಟಿ, ಯಾವ ತೆರಿಗೆ ಏರಿತು, ಯಾವುದು ಇಳಿಯಿತು ಎಂದು ಊಟದ ಹೊತ್ತಿನಲ್ಲಿಯೂ ಚರ್ಚೆ ನಡೆಯುತ್ತದೆ. ಅದೇ ಪಂಕ್ತಿಯಲ್ಲಿ ಕುಳಿತವರನ್ನು, "ಕಳೆದ ವರ್ಷ ನಮ್ಮ ಮನೆಗೆ ಬಂದ ಹಣವೆಷ್ಟು, ಹೋದ ಹಣವೆಷ್ಟು?" ಎಂದು ಕೇಳಿ ನೋಡಿ. ಯಜಮಾನರು ಗೃಹಿಣಿಯ ಮುಖ ನೋಡುತ್ತಾರೆ. ಗೃಹಿಣಿ ಯಜಮಾನರ ಮುಖ ನೋಡುತ್ತಾಳೆ. ವಿಧಾನಸೌಧದ ಲೆಕ್ಕ ಬಲ್ಲ ಮನೆಯಲ್ಲಿ ಅಡುಗೆಮನೆಯ ಲೆಕ್ಕ ಬಲ್ಲವರಿರುವುದಿಲ್ಲ.

ಮನೆಯ ಆಯವ್ಯಯವೆಂದರೆ ಜಿಪುಣತನವೆಂದು ತಿಳಿದು ಹಿಂಜರಿಯುವವರು ಅನೇಕರು. ಜಿಪುಣನು ಬೇಕಾದುದಕ್ಕೂ ಖರ್ಚುಮಾಡುವುದಿಲ್ಲ. ದುಂದುಗಾರನು ಬೇಡದುದಕ್ಕೂ ಮಾಡುತ್ತಾನೆ. ಇವರಿಬ್ಬರ ನಡುವೆ, ಯಾವುದು ಬೇಕು, ಯಾವುದು ಬೇಡ, ಯಾವುದು ಈಗ, ಯಾವುದು ಆಮೇಲೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುವವನೇ ಮಿತವ್ಯಯಿ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಎಲ್ಲರೂ ಹೇಳುತ್ತೇವೆ. ಆದರೆ ಹಾಸಿಗೆಯ ಉದ್ದವನ್ನು ಅಳೆದು ನೋಡಿದವರೆಷ್ಟು ಮಂದಿ? ಆ ಅಳತೆಯ ವಿಚಾರವನ್ನೇ ಇಲ್ಲಿ ಹೇಳಬೇಕಾಗಿದೆ.

ಎರಡು ಊರು, ಎರಡು ಬಗೆಯ ವರಮಾನ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೆ ಹಣ ಬರುವ ರೀತಿಯಲ್ಲಿ ಈ ಎರಡು ಊರುಗಳಿಗೂ ವ್ಯತ್ಯಾಸವುಂಟು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರವು ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳು ಬಂದವು. ಕಚೇರಿಗಳೊಡನೆ ಸಂಬಳದ ಮನೆಗಳೂ ಬಂದವು. ಗುಮಾಸ್ತರು, ಉಪಾಧ್ಯಾಯರು, ದಾದಿಯರು, ಪಿಂಚಣಿದಾರರು, ಇವರಿಗೆಲ್ಲ ತಿಂಗಳಿಗೊಮ್ಮೆ ಗೊತ್ತಾದ ಮೊತ್ತ ಕೈಸೇರುತ್ತದೆ. ಇದನ್ನು ತಿಂಗಳಿನ ಸಂಸಾರ ಎನ್ನೋಣ.

ಗುಂಡ್ಲುಪೇಟೆಯ ಕಡೆ ನೋಡಿ. ಮೈಸೂರಿನಿಂದ ಬರುವ ಹೆದ್ದಾರಿ ಇಲ್ಲಿ ಕವಲೊಡೆದು ಒಂದು ಊಟಿಯ ಕಡೆಗೂ ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಯ ಕಡೆಗೂ ಹೋಗುತ್ತದೆ. ಸುತ್ತಿನ ಹೊಲಗಳಲ್ಲಿ ಸಣ್ಣ ಈರುಳ್ಳಿ, ಅರಿಸಿನ, ಬಾಳೆ, ಟೊಮ್ಯಾಟೊ, ಚೆಂಡುಹೂವು, ಸೂರ್ಯಕಾಂತಿ. ಓಣಂ ಹಬ್ಬ ಸಮೀಪಿಸಿತೆಂದರೆ ಕೇರಳದ ವ್ಯಾಪಾರಿಗಳು ಹೂವಿಗೂ ತರಕಾರಿಗೂ ಈ ಕಡೆಗೆ ಬರುತ್ತಾರೆ. ಪೇಟೆಯಲ್ಲಿ ಅಂಗಡಿ ಇಟ್ಟವರೂ, ಲಾರಿ ಓಡಿಸುವವರೂ, ಗೊಬ್ಬರ ಮಾರುವವರೂ ಕಣ್ಣಿಟ್ಟಿರುವುದು ಆ ಫಸಲಿನ ಮೇಲೆಯೇ. ಇಲ್ಲಿ ಹಣ ಬಂದರೆ ಒಮ್ಮೆಗೇ ಹೊಳೆಯಂತೆ ಬರುತ್ತದೆ. ಆಮೇಲೆ ತಿಂಗಳುಗಟ್ಟಲೆ ಬತ್ತಿರುತ್ತದೆ. ಇದು ಫಸಲಿನ ಸಂಸಾರ.

ಪತ್ರಿಕೆಗಳಲ್ಲಿ ಕಾಣುವ ಸಲಹೆಗಳೆಲ್ಲ ಸಾಮಾನ್ಯವಾಗಿ ಮೊದಲನೆಯ ಬಗೆಯವರಿಗೆ. ತಿಂಗಳ ಸಂಬಳವನ್ನು ಇಷ್ಟು ಭಾಗ ಮಾಡಿ ಎನ್ನುತ್ತಾರೆ. ಸಂಬಳವೇ ಇಲ್ಲದವನು ಏನನ್ನು ಭಾಗಮಾಡಬೇಕು? ಆದುದರಿಂದ ಎರಡನ್ನೂ ಬೇರೆಬೇರೆಯಾಗಿಯೇ ವಿಚಾರಮಾಡುವುದು ಒಳ್ಳೆಯದು. ಅದಕ್ಕೆ ಮುಂಚೆ, ಇಬ್ಬರಿಗೂ ಸಮಾನವಾದ ಮೊದಲ ಪಾಠವೊಂದಿದೆ.

ಮೊದಲು ಬರೆಯುವುದು, ಆಮೇಲೆ ಕಡಿತ

1957ರ ಏಪ್ರಿಲ್ 1ನೆಯ ತಾರೀಖಿನವರೆಗೂ ನಮ್ಮಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ತೊಡಕಿನ ಕೂಡಿಕೆ, ಕಳೆಯುವಿಕೆಗಳನ್ನು ಹಿಂದಿನವರು ಬೆರಳ ತುದಿಯಲ್ಲೇ ಮಾಡುತ್ತಿದ್ದರು. ಇಂದು ಎಲ್ಲವೂ ನೂರರ ಲೆಕ್ಕ. ಕೂಡುವುದಕ್ಕೆ ಕೈಯಲ್ಲೇ ಯಂತ್ರವಿದೆ. ಲೆಕ್ಕ ಸುಲಭವಾದಂತೆಲ್ಲ ಲೆಕ್ಕ ಬರೆಯುವ ಅಭ್ಯಾಸ ಮಾತ್ರ ದೂರವಾಗಿದೆ.

ಎಂಬತ್ತು ಪುಟದ ಒಂದು ನೋಟುಪುಸ್ತಕ ಸಾಕು. ಎಡಪುಟದಲ್ಲಿ ಬಂದದ್ದು, ಬಲಪುಟದಲ್ಲಿ ಹೋದದ್ದು. ರಾತ್ರಿ ಮಲಗುವ ಮುನ್ನ ಐದು ನಿಮಿಷ. ಮೊದಲ ತಿಂಗಳು ಯಾವ ಖರ್ಚನ್ನೂ ಕಡಿಮೆಮಾಡುವ ಗೋಜಿಗೆ ಹೋಗಬೇಡಿ; ಯಾರನ್ನೂ ಆಕ್ಷೇಪಿಸಬೇಡಿ. ವೈದ್ಯರು ಔಷಧ ಕೊಡುವ ಮುನ್ನ ನಾಡಿ ಹಿಡಿದು ನೋಡುವುದಿಲ್ಲವೇ? ಅದೇ ರೀತಿ ಮೊದಲು ನಾಡಿ ನೋಡಿ.

ಈಗ ಫೋನಿನಿಂದಲೇ ಹಣ ಕೊಡುವ ಕಾಲ. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಫೋನು ತೋರಿಸುತ್ತೇವೆ. ನೋಟು ಎಣಿಸಿ ಕೊಡುವಾಗ ಕೈಗೆ ತಗಲುತ್ತಿದ್ದ ನೋವು ಇಲ್ಲಿ ತಗಲುವುದಿಲ್ಲ. ಆದರೆ ಇದರಲ್ಲಿ ಒಂದು ಅನುಕೂಲವೂ ಉಂಟು: ಕೊಟ್ಟದ್ದೆಲ್ಲ ದಾಖಲೆಯಾಗಿರುತ್ತದೆ. ವಾರಕ್ಕೊಮ್ಮೆ ಆ ದಾಖಲೆಯನ್ನು ನೋಡಿ ಪುಸ್ತಕಕ್ಕೆ ಇಳಿಸಿಕೊಂಡರೆ, ಬೇಕರಿಗೆ ಎಷ್ಟು, ಹೊಟೇಲಿಗೆ ಎಷ್ಟು ಎಂಬುದು ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ.

ಊಟದ ಖರ್ಚನ್ನು ನೋಡಿ ಯಾರೂ ಗಾಬರಿಯಾಗಬೇಕಾಗಿಲ್ಲ. ವರಮಾನ ಕಡಿಮೆಯಾದಷ್ಟೂ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಹೆಚ್ಚು ಎಂದು ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿಯೇ ತೋರಿಸಿಕೊಟ್ಟನು. ಭಾರತ ಸರ್ಕಾರ 2023-24ರಲ್ಲಿ ನಡೆಸಿದ ಸಮೀಕ್ಷೆಯಲ್ಲಿಯೂ, ಹಳ್ಳಿಯ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇಕಡ 47, ಪಟ್ಟಣದ ಮನೆಗಳಲ್ಲಿ ಸುಮಾರು ಶೇಕಡ 40 ಎಂದು ಕಂಡುಬಂದಿತು. ನಿಮ್ಮ ಮನೆಯ ಅಂಕಿ ಇದರ ಆಸುಪಾಸಿನಲ್ಲಿದ್ದರೆ ಅಡುಗೆಮನೆಯನ್ನು ದೂರುವುದು ನ್ಯಾಯವಲ್ಲ. ಸೋರಿಕೆ ಬೇರೆಲ್ಲಿಯೋ ಇರಬೇಕು.

ತಿಂಗಳಿನ ಸಂಸಾರ

ಸಂಬಳದ ಮನೆಯ ಸೋರಿಕೆ ಸಾಮಾನ್ಯವಾಗಿ ಎಲ್ಲಿರುತ್ತದೆ? ದಿನದಿನದ ಖರ್ಚಿಗಿಂತ ಹೆಚ್ಚಾಗಿ, ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ಜೂನ್ ತಿಂಗಳಿನಲ್ಲಿ ಶಾಲೆ ತೆರೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೂ ಪ್ರತಿ ಜೂನಿನಲ್ಲಿಯೂ, "ಅಲ್ಲ ರೀ, ಮಗುವಿನ ಫೀಸಿಗೆ ಏನು ಮಾಡೋಣ?" ಎಂಬ ಮಾತು ಹೊಸದಾಗಿ ಹುಟ್ಟುತ್ತದೆ. ಮನೆ ಕಂದಾಯ, ಸ್ಕೂಟರಿನ ವಿಮೆ, ಗೌರಿ ಹಬ್ಬ, ದೀಪಾವಳಿ, ಮಹದೇಶ್ವರನ ಬೆಟ್ಟದ ಯಾತ್ರೆ, ಆಷಾಢದಲ್ಲಿ ಚಾಮರಾಜೇಶ್ವರನ ರಥೋತ್ಸವಕ್ಕೆ ಬರುವ ಹೊಸ ದಂಪತಿಗಳ ಸತ್ಕಾರ, ಇವು ಯಾವುವೂ ಅಕಸ್ಮಾತ್ತಾಗಿ ಬರುವುವಲ್ಲ. ಪಂಚಾಂಗದಲ್ಲಿ ಅಚ್ಚಾಗಿರುವ ಖರ್ಚುಗಳೇ. ಹಿಂದೆ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. ಆ ಶುಲ್ಕ ಹೋಯಿತು. ಆದರೆ ವರ್ಷಕ್ಕೊಮ್ಮೆ ಕಟ್ಟುವ ಬಾಬ್ತುಗಳು ಮಾತ್ರ ಅದರ ಹತ್ತರಷ್ಟಾಗಿವೆ.

ಇವನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿಮಾಡಿ ಕೂಡಿಸಿ. ಉದಾಹರಣೆಗೆ ಶಾಲೆಗೆ 18,000, ಹಬ್ಬಹರಿದಿನಕ್ಕೆ 12,000, ಕಂದಾಯ ಮತ್ತು ರಿಪೇರಿಗೆ 7,000, ವಿಮೆಗೆ 5,000 ಎಂದಿಟ್ಟುಕೊಳ್ಳಿ. ಒಟ್ಟು 42,000 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,500. ಈ ಮೊತ್ತವನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಿದರೆ ಜೂನ್ ತಿಂಗಳು ಶತ್ರುವಾಗಿ ಬರುವುದಿಲ್ಲ.

ತಿಂಗಳಿಗೆ 30,000 ರೂಪಾಯಿ ಬರುವ, ಬಾಡಿಗೆಮನೆಯಲ್ಲಿರುವ ನಾಲ್ಕು ಜನರ ಸಂಸಾರವೊಂದರ ಲೆಕ್ಕವನ್ನು ಮಾದರಿಗಾಗಿ ಹೀಗೆ ಹಾಕಬಹುದು:

ಬಾಡಿಗೆ – 6,000
ದಿನಸಿ, ಹಾಲು, ತರಕಾರಿ – 9,500
ಗ್ಯಾಸ್, ದೀಪ, ನೀರು, ಫೋನು – 2,000
ಬಸ್ಸು, ಪೆಟ್ರೋಲು – 1,500
ಔಷಧ – 1,500
ವಾರ್ಷಿಕ ವೆಚ್ಚಕ್ಕೆ ಎತ್ತಿಟ್ಟದ್ದು – 3,500
ಆಪದ್ಧನ – 2,500
ದೀರ್ಘಕಾಲದ ಉಳಿತಾಯ – 1,500
ಇತರ ಖರ್ಚು – 2,000

ಇದು ಎಲ್ಲರಿಗೂ ಹೊಂದುವ ಅಂಗಿಯಲ್ಲ. ಅಳತೆಗೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಗಮನಿಸಬೇಕಾದ ವಿಷಯ ಒಂದೇ. ಕೊನೆಯ ಸಾಲಿನಲ್ಲಿರುವುದು ಇತರ ಖರ್ಚು, ಉಳಿತಾಯವಲ್ಲ. ತಿಂಗಳ ಕೊನೆಯಲ್ಲಿ ಮಿಕ್ಕದ್ದನ್ನು ಉಳಿಸೋಣವೆಂದರೆ ಮಿಗುವುದೇ ಇಲ್ಲ. ಸಂಬಳ ಬಂದ ದಿನವೇ ಎತ್ತಿಡಬೇಕಾದ ಮೂರು ಬಾಬ್ತುಗಳನ್ನು ಎತ್ತಿಟ್ಟು, ಉಳಿದುದರಲ್ಲಿ ಸಂಸಾರ ನಡೆಸುವುದು ಕ್ರಮ.

ವಾರ್ಷಿಕ ಖಾತೆಯಿಂದ ಇನ್ನೊಂದು ಲಾಭವಿದೆ. ಸುಗ್ಗಿಯಲ್ಲಿ ರಾಗಿ, ಬೇಸಿಗೆಯ ಮೊದಲಲ್ಲಿ ಹೊಸ ಹುಣಿಸೆಹಣ್ಣು, ಕೊಯ್ಲಿನ ಹೊತ್ತಿಗೆ ಅರಿಸಿನ, ಹೀಗೆ ಆಯಾ ಕಾಲದಲ್ಲಿ ವರ್ಷದ ಸಾಮಾನು ತುಂಬಿಡುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಸುತ್ತಲೂ ಬೆಳೆಯುವ ಪದಾರ್ಥವನ್ನೇ ಬೆಳೆಯಿಲ್ಲದ ತಿಂಗಳಿನಲ್ಲಿ ಕಾಲುಕಾಲು ಕಿಲೋ ಪೊಟ್ಟಣದಲ್ಲಿ ಕೊಳ್ಳುವುದು ದುಬಾರಿ. ಆದರೆ ಸುಗ್ಗಿಯಲ್ಲಿ ಕೊಳ್ಳಬೇಕಾದರೆ ಸುಗ್ಗಿಯಲ್ಲಿ ಕೈಯಲ್ಲಿ ಕಾಸಿರಬೇಕಲ್ಲ!

ಫಸಲಿನ ಸಂಸಾರ

ಫಸಲಿನ ಮನೆಯವರಿಗೆ ಹಿಂದಿನವರ ಹಗೇವು ಒಳ್ಳೆಯ ಗುರು. ಸುಗ್ಗಿಯಲ್ಲಿ ಬಂದ ರಾಗಿಯನ್ನು ನೆಲದೊಳಗೆ ತುಂಬಿ ಬಾಯಿ ಮುಚ್ಚಿ, ಬೇಕಾದಾಗಷ್ಟೇ ತೆರೆದು ತೆಗೆಯುತ್ತಿದ್ದರು. ಬೀಜದ ರಾಗಿ ಬೇರೆ, ಊಟದ ರಾಗಿ ಬೇರೆ. ಹಸಿವೆಂದರೂ ಬೀಜಕ್ಕೆ ಕೈಹಾಕುತ್ತಿರಲಿಲ್ಲ. ಹಣದ ವಿಷಯದಲ್ಲಿಯೂ ಆ ನಿಯಮವನ್ನೇ ಹಿಡಿಯಬೇಕು.

ಅರಿಸಿನ ಮಾರಿ 2,00,000 ರೂಪಾಯಿ ಬಂದಿತೆನ್ನೋಣ. ಅಷ್ಟೂ ವರಮಾನವೆಂದು ತಿಳಿದವನು ಆ ತಿಂಗಳು ಶ್ರೀಮಂತ. ಆರು ತಿಂಗಳ ಬಳಿಕ ಸಾಲಗಾರ. ಮುಂದಿನ ಬೆಳೆಯ ಬಿತ್ತನೆ ಗೆಡ್ಡೆ, ಗೊಬ್ಬರ, ಕೂಲಿಗಳಿಗೆ 80,000 ಬೇಕೆಂದು ಲೆಕ್ಕಹಾಕಿ ಅದನ್ನು ಮೊದಲು ಬೇರೆಯಿಟ್ಟರೆ ಉಳಿಯುವುದು 1,20,000. ಮುಂದಿನ ಅರಿಸಿನದ ಹಣ ಬರುವುದಕ್ಕೆ ಹನ್ನೆರಡು ತಿಂಗಳು. ಎಂದ ಮೇಲೆ ಈ ಮನೆಯ ನಿಜವಾದ ಸಂಬಳ ತಿಂಗಳಿಗೆ 10,000 ರೂಪಾಯಿ. ಹಾಲಿನ ಡೈರಿಯಿಂದ ಬರುವ ಹಣವೋ, ಅಂಗಡಿಯ ಸಂಪಾದನೆಯೋ ಇದ್ದರೆ ಅದಕ್ಕೆ ಸೇರಿಸಬಹುದು. ಫಸಲಿನ ಮೊತ್ತವನ್ನು ಒಂದು ಖಾತೆಯಲ್ಲಿಟ್ಟು, ತಿಂಗಳ ಮೊದಲ ತಾರೀಖು 10,000ವನ್ನು ಮಾತ್ರ ಮನೆಖರ್ಚಿಗೆ ತೆಗೆದುಕೊಳ್ಳುವವನು ತನಗೆ ತಾನೇ ಸಂಬಳ ಕೊಟ್ಟುಕೊಳ್ಳುವ ಯಜಮಾನ.

ಬೆಲೆಯನ್ನು ಊಹಿಸುವುದರಲ್ಲಿಯೂ ಜಾಗರೂಕತೆ ಬೇಕು. ಟೊಮ್ಯಾಟೊ, ಈರುಳ್ಳಿ, ಚೆಂಡುಹೂವುಗಳ ಬೆಲೆ ಒಂದೇ ವಾರದಲ್ಲಿ ಏರಿಳಿಯುತ್ತದೆ. ಕಳೆದ ಸಲ ಸಿಕ್ಕಿದ ಅತಿ ಹೆಚ್ಚಿನ ಬೆಲೆಯನ್ನು ನಂಬಿ ಮದುವೆಯ ದಿನ ಗೊತ್ತುಮಾಡಿದರೆ ಅಪಾಯ. ಮೂರು ವರ್ಷಗಳಲ್ಲಿ ಸಿಕ್ಕಿದ ಅತಿ ಕಡಿಮೆ ಬೆಲೆಯಲ್ಲಿ ಸಂಸಾರದ ಲೆಕ್ಕ ಹಾಕಿ; ಅದಕ್ಕಿಂತ ಹೆಚ್ಚು ಬಂದರೆ ಅದು ಆಪದ್ಧನಕ್ಕೆ.

ಅಂಗಡಿಯವರಿಗೂ ಒಂದು ಮಾತು. ಗಲ್ಲಾಪೆಟ್ಟಿಗೆಯಲ್ಲಿರುವುದೆಲ್ಲ ಮನೆಯ ಹಣವಲ್ಲ. ಅದರಲ್ಲಿ ಸಗಟು ವ್ಯಾಪಾರಿಗೆ ಕೊಡಬೇಕಾದದ್ದೂ ಇದೆ, ಬಾಡಿಗೆಯೂ ಇದೆ, ತೆರಿಗೆಯೂ ಇದೆ. ಮನೆಗೆ ಬೇಕಾದಾಗಲೆಲ್ಲ ಗಲ್ಲಾದಿಂದ ತೆಗೆಯುವ ಅಂಗಡಿ, ಮೇಲೆ ಹಸುರಾಗಿದ್ದು ಒಳಗೆ ಗೆದ್ದಲು ಹಿಡಿದ ಮರವಿದ್ದಂತೆ. ವಾರಕ್ಕೆ ಇಷ್ಟು ಎಂದು ಗೊತ್ತುಮಾಡಿ, ಮನೆಯವರು ಕೇಳಿದರೂ ಆ ದಿನ ಮಾತ್ರ ಕೊಡುವುದು ಕ್ಷೇಮ.

ಸಾಲದ ಬಾಗಿಲು

ಲೆಕ್ಕವಿಲ್ಲದ ಸಂಸಾರ ಕೊನೆಗೆ ತಟ್ಟುವುದು ಸಾಲದ ಬಾಗಿಲನ್ನು. 2025ರ ಜನವರಿಯಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಬಂದ ಸುದ್ದಿಯನ್ನು ಓದುಗರು ಮರೆತಿರಲಾರರು. ಕಿರುಸಾಲದ ಕಂತು ಕಟ್ಟಲಾರದೆ, ವಸೂಲಿಗೆ ಬರುವವರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟುಹೋದವೆಂದು ಪತ್ರಿಕೆಗಳು ವರದಿಮಾಡಿದವು. ರಾಜ್ಯದ ಬೇರೆ ಜಿಲ್ಲೆಗಳಿಂದಲೂ ಇಂಥ ಸುದ್ದಿಗಳು ಬಂದ ಮೇಲೆ, ಆ ವರ್ಷದ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಏರ್ಪಾಡು ಮಾಡಿತು.

ಕಾನೂನು ಕಾಟವನ್ನು ತಡೆಯಬಹುದು, ಕಂತನ್ನು ಕಟ್ಟಿಕೊಡಲಾರದು. ಊರು ಬಿಟ್ಟವರು ಸೋಮಾರಿಗಳಾಗಿದ್ದರೆಂದು ಯಾರೂ ತಿಳಿಯಬಾರದು. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ, ಅದನ್ನು ತೀರಿಸಲು ಮತ್ತೊಂದು, ಹೀಗೆ ಕಂತು ಕಂತನ್ನು ನುಂಗುವ ಸುಳಿಗೆ ದುಡಿಯುವ ಕುಟುಂಬಗಳೇ ಬೀಳುತ್ತವೆ. ವಾರವಾರವೂ ಕಟ್ಟಬೇಕಾದ ಕಂತು, ಫಸಲಿಗೊಮ್ಮೆ ಬರುವ ವರಮಾನ, ಇವೆರಡೂ ಹೊಂದದಿರುವುದೇ ಆ ಸುಳಿಯ ಒಂದು ಮೂಲ. ಸಾಲದ ಕಂತು ಯಾವಾಗ ಬರುತ್ತದೆಯೋ ಆಗ ನಮಗೆ ಹಣ ಬರುತ್ತದೆಯೇ ಎಂಬುದು ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ.

ಎರಡನೆಯದು ಬಡ್ಡಿಯ ಪ್ರಶ್ನೆ. "ನೂರಕ್ಕೆ ಮೂರು ರೂಪಾಯಿ" ಎಂದರೆ ಕಿವಿಗೆ ಹಿತವಾಗಿದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇಕಡ 36. ಹತ್ತು ಸಾವಿರಕ್ಕೆ ತಿಂಗಳಿಗೆ 300 ರೂಪಾಯಿ ಕಟ್ಟುತ್ತ ಹೋದರೆ 34 ತಿಂಗಳಲ್ಲಿ 10,200 ಕೊಟ್ಟಿರುತ್ತೇವೆ. ಅಸಲು ಹತ್ತು ಸಾವಿರ ಹಾಗೆಯೇ ನಿಂತಿರುತ್ತದೆ.

ಕಂತಿನ ಸಾಲದಲ್ಲಿಯೂ ಒಂದು ಮರ್ಮವಿದೆ. 12,000 ರೂಪಾಯಿ ಸಾಲಕ್ಕೆ ಶೇಕಡ 12ರಂತೆ ವರ್ಷದ ಬಡ್ಡಿ 1,440 ಎಂದು ಮೊದಲೇ ಸೇರಿಸಿ, ತಿಂಗಳಿಗೆ 1,120ರಂತೆ ಹನ್ನೆರಡು ಕಂತು ಮಾಡುತ್ತಾರೆನ್ನಿ. ಆರು ತಿಂಗಳಾಗುವ ಹೊತ್ತಿಗೆ ಅರ್ಧ ಅಸಲು ಹಿಂದಿರುಗಿರುತ್ತದೆ. ಬಡ್ಡಿ ಮಾತ್ರ ಪೂರ್ತಿ ಅಸಲಿನ ಮೇಲೆಯೇ ನಡೆಯುತ್ತಿರುತ್ತದೆ. ಕೈಯಲ್ಲಿ ನಿಜವಾಗಿ ಉಳಿದ ಹಣಕ್ಕೆ ಲೆಕ್ಕ ಹಾಕಿದರೆ ಬಡ್ಡಿ ಶೇಕಡ 21ನ್ನು ಮೀರುತ್ತದೆ. ಆದುದರಿಂದ ಇಳಿಯುವ ಅಸಲಿನ ಮೇಲೆ ಬಡ್ಡಿಯೇ, ಪೂರ್ತಿ ಅಸಲಿನ ಮೇಲೆಯೇ ಎಂದು ನಾಚಿಕೊಳ್ಳದೆ ಕೇಳಿ. ಉತ್ತರವನ್ನು ಬರೆಹದಲ್ಲಿ ಪಡೆಯಿರಿ.

ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಕುಟುಂಬಗಳಿಗೆ ಕೊಡುವ ಕಿರುಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ನಿಯಮ ಮಾಡಿತು. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು ಸಾಲ ಕೊಡುವವರಿಗೆ ಹಾಕಿದ ಮಿತಿ ಇದು. ನಮಗೆ ನಾವೇ ಹಾಕಿಕೊಳ್ಳುವ ಮಿತಿ ಇನ್ನೂ ಕೆಳಗಿರಲಿ. ವರಮಾನದ ಕಾಲುಭಾಗಕ್ಕಿಂತ ಹೆಚ್ಚು ಕಂತಿಗೆ ಹೋಗುತ್ತಿದ್ದರೆ, ಹೊಸ ಸಾಲದ ಮಾತನ್ನು ಮನೆಯಲ್ಲಿ ಎತ್ತದಿರುವುದೇ ವಾಸಿ. ಈಗಾಗಲೇ ಹಲವು ಸಾಲಗಳಿದ್ದವರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬಡ್ಡಿಯ ಕ್ರಮದಲ್ಲಿ ಬರೆದು, ಅತಿ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ಉಪಾಯ ಮಾಡಬೇಕು.

ಆಪದ್ಧನ ಎಲ್ಲಿರಬೇಕು?

2020ರಲ್ಲಿ ಲಾಕ್‌ಡೌನ್ ಬಂದು ಅಂಗಡಿ ಬಾಗಿಲುಗಳು ಮುಚ್ಚಿದಾಗ, ಮೂರು ತಿಂಗಳ ಖರ್ಚನ್ನು ಕೂಡಿಟ್ಟಿದ್ದ ಮನೆಗೂ ಮೂರು ದಿನದ ಖರ್ಚಿಲ್ಲದ ಮನೆಗೂ ಇರುವ ಅಂತರ ಎಲ್ಲರಿಗೂ ತಿಳಿಯಿತು. ಮೂರು ತಿಂಗಳ ಸಂಸಾರ ನಡೆಯುವಷ್ಟು ಹಣ ಕೈಗೆ ಎಟಕುವ ಕಡೆ ಇರಬೇಕು. ಆದರೆ ಕೈಯಲ್ಲಿಯೇ ಇರಬಾರದು. ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಹಣ ಎಷ್ಟೋ ಸಂಸಾರಗಳನ್ನು ಕಾಪಾಡಿದೆ, ನಿಜ. ಆದರೆ ಡಬ್ಬಿಯಲ್ಲಿನ ಹಣಕ್ಕೆ ಬಡ್ಡಿಯಿಲ್ಲ, ಕಾವಲೂ ಇಲ್ಲ.

ನಮ್ಮ ದೇಶದ ಅಂಚೆ ಕಚೇರಿಗಳು 1882ರಿಂದಲೂ ಉಳಿತಾಯದ ಹಣವನ್ನು ಸ್ವೀಕರಿಸುತ್ತಿವೆ. ತಿಂಗಳಿಗೆ 100 ರೂಪಾಯಿಯಿಂದಲೂ ಐದು ವರ್ಷದ ಆವರ್ತ ಠೇವಣಿ ಆರಂಭಿಸಬಹುದು. ಹತ್ತು ವರ್ಷ ತುಂಬದ ಹೆಣ್ಣುಮಗುವಿದ್ದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯಲ್ಲಿ ವರ್ಷಕ್ಕೆ 250 ರೂಪಾಯಿಯಿಂದ ಕಟ್ಟಬಹುದು. ಬ್ಯಾಂಕಿನ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯ ರಕ್ಷಣೆ 2020ರಿಂದ ಇದೆ. ಚೀಟಿ ಹಾಕುವವರು ಅದು ನೋಂದಣಿಯಾದ ಚೀಟಿಯೇ ಎಂದು ನೋಡಿಕೊಳ್ಳಬೇಕು. ಪರಿಚಯದವರೆಂಬ ಒಂದೇ ಧೈರ್ಯ ಸಾಲದು.

ವಿಮೆಯನ್ನೂ ಆಪದ್ಧನದ ತಮ್ಮನೆಂದೇ ತಿಳಿಯಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ಯೋಜನೆಗೆ 436 ರೂಪಾಯಿ. ಮೊದಲನೆಯದರಲ್ಲಿ ಅಪಘಾತದಿಂದಾದ ಮರಣಕ್ಕೆ, ಎರಡನೆಯದರಲ್ಲಿ ಯಾವ ಕಾರಣದ ಮರಣಕ್ಕೂ 2 ಲಕ್ಷ ರೂಪಾಯಿ ಮನೆಯವರಿಗೆ ಸಲ್ಲುತ್ತದೆ. ದುಡಿಯುವವನೊಬ್ಬನೇ ಇರುವ ಮನೆಯಲ್ಲಿ ವರ್ಷಕ್ಕೆ 456 ರೂಪಾಯಿ ದೊಡ್ಡ ಮಾತಲ್ಲ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರುವ ಮನೆಗಳಲ್ಲಿ, ಅದು ಗೊತ್ತಾದ ತಾರೀಖಿಗೇ ಬರುವುದೆಂದು ನಂಬಿ ಕಂತಿಗೆ ಕಟ್ಟಿಹಾಕಬೇಡಿ. ತಡವಾಗಿ ಬಂದದ್ದೂ ಉಂಟು. ಅಡುಗೆ ಖರ್ಚು ಹೇಗೋ ನಡೆಯುತ್ತಿದ್ದರೆ ಅದರ ಒಂದು ಪಾಲಾದರೂ ಗೃಹಿಣಿಯ ಹೆಸರಿನ ಖಾತೆಯಲ್ಲಿಯೇ ಉಳಿಯಲಿ. "ಹನಿಗೂಡಿದರೆ ಹಳ್ಳ" ಎಂಬುದು ಅಲಂಕಾರದ ಮಾತಲ್ಲ. ತಿಂಗಳಿಗೆ 500ರಂತೆ ಐದು ವರ್ಷ ಇಟ್ಟರೆ ಬಡ್ಡಿ ಬಿಟ್ಟು ಅಸಲೇ 30,000 ಆಗುತ್ತದೆ.

ಎಲ್ಲರೂ ಕೂಡಿ

ಲೆಕ್ಕ ಒಬ್ಬರ ಕೆಲಸವಾದರೆ ಅದು ಕಾವಲಾಗುತ್ತದೆ. ಎಲ್ಲರದೂ ಆದರೆ ಸಂಸಾರವಾಗುತ್ತದೆ. ಗಂಡ ತಾನು ತರುವುದನ್ನು ಹೇಳದೆ, ಹೆಂಡತಿ ತಾನು ಎತ್ತಿಟ್ಟದ್ದನ್ನು ಹೇಳದೆ ನಡೆಸುವ ಮನೆಯಲ್ಲಿ ಸಾಲವೂ ಗುಟ್ಟಾಗಿಯೇ ಬೆಳೆಯುತ್ತದೆ. ತಿಂಗಳಿಗೊಂದು ಭಾನುವಾರ ಸಂಜೆ ಪುಸ್ತಕ ತೆರೆದು ಅರ್ಧ ಗಂಟೆ ಕೂರಿ. ಅತ್ತೆಯವರೂ ಇರಲಿ, ಕಡಿಮೆಯಲ್ಲಿ ಸಂಸಾರ ತೂಗಿಸಿದ ಅನುಭವ ಅವರದು. ಮಕ್ಕಳೂ ಇರಲಿ. "ಈ ತಿಂಗಳು ಸೈಕಲ್ ಬೇಡ ಕಂದ, ದೀಪಾವಳಿಗೆ ತರೋಣ, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಎತ್ತಿಡುತ್ತೇವೆ, ನೀನೇ ಬರೆದಿಡು" ಎಂದರೆ ಮಗು ಅಳುವುದನ್ನು ಬಿಟ್ಟು ಎಣಿಸುವುದನ್ನು ಕಲಿಯುತ್ತದೆ.

ಮೊದಲ ಮೂರು ತಿಂಗಳು ಲೆಕ್ಕ ತಪ್ಪುತ್ತದೆ. ನೆಂಟರು ಬರುತ್ತಾರೆ, ಜ್ವರ ಬರುತ್ತದೆ, ಗ್ಯಾಸ್ ಬೇಗ ಮುಗಿಯುತ್ತದೆ. ತಪ್ಪಿತೆಂದು ಪುಸ್ತಕವನ್ನು ಅಟ್ಟಕ್ಕೆ ಎಸೆಯಬಾರದು. ತಪ್ಪಿದ ಅಂಕಿಯೇ ಮುಂದಿನ ತಿಂಗಳಿನ ಸರಿಯಾದ ಅಂಕಿಗೆ ದಾರಿ. ನಾಲ್ಕನೆಯ ತಿಂಗಳಿನ ಹೊತ್ತಿಗೆ, ಕಂತಿನವನು ಬಾಗಿಲು ತಟ್ಟಿದರೂ, ಶಾಲೆಯಿಂದ ಚೀಟಿ ಬಂದರೂ, ಮನೆಯವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ; ಪುಸ್ತಕ ನೋಡಿದರೆ ಸಾಕು. ಇಂದೇ ಒಂದು ನೋಟುಪುಸ್ತಕ ತನ್ನಿ. ಅದರ ಬೆಲೆಯನ್ನೇ ಮೊದಲ ಖರ್ಚಾಗಿ ಬಲಪುಟದಲ್ಲಿ ಬರೆಯಿರಿ.